ಅಮ್ಮನ ಕಣ್ಣಿನ ಎತ್ತರ

ಇಂಗ್ಲೆಂಡಿನ ಸ್ಟಾಕ್‌ಪೋರ್ಟಿನಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ಡಚ್ ಆರ್ಕಿಟೆಕ್ಟ್ ತಲೆ ತಗ್ಗಿಸದೆ ನಮ್ಮ ಬಾಗಿಲು ದಾಟಿದವರಲ್ಲ. ಅಷ್ಟು ಎತ್ತರದ ಆಳು. ಈ ಕಡೆಯ ಎಷ್ಟೋ ಶಾಲೆ, ಲೈಬ್ರರಿಗಳು ಅವರ ಕೈಯಲ್ಲಿ ಆದವು. ಜೇಬಿನಲ್ಲಿ ಸದಾ ಮಡಚುವ ಹಳದಿ ಅಳತೆಕೋಲು. ಕಟ್ಟಡವನ್ನು ಹೊಗಳಿದರೂ ಸರಿ, ಬೈದರೂ ಸರಿ, ಅವರದು ಒಂದೇ ಮಾತು: "ಅಲ್ಲಿ ಕೂತು ನೋಡಿದಿರಾ?"

ನಾನು ಡಾಕ್ಟರಾಗಿದ್ದ ಕ್ಲಿನಿಕ್ಕೂ ಅವರದೇ ವಿನ್ಯಾಸ. ಮೈಸೂರಿನಿಂದ ಬಂದಿದ್ದ ಅಮ್ಮ ಒಂದು ಸಂಜೆ ಅಲ್ಲಿ ನನಗಾಗಿ ಕಾದು ಕೂತಿದ್ದಳು. ಮರುದಿನ ಆರ್ಕಿಟೆಕ್ಟ್ ಕಾಫಿಗೆ ಬಂದಾಗ ಅವರೆದುರೇ ಕನ್ನಡದಲ್ಲಿ ಅಂದಳು:

"ಕಿಟಕಿಯೇನೋ ಚೆನ್ನಾಗಿದೆ ಕಣೇ. ಆದ್ರೆ ಕೂತ್ರೆ ಬರೀ ಆಕಾಶ. ಹೊರಗೆ ಮಕ್ಕಳು ನಗ್ತಿದ್ರು, ಒಂದು ಮುಖಾನೂ ಕಾಣ್ಲಿಲ್ಲ."

"ಏನಂದರು?" ಎಂದು ಅವರು ಕೇಳಿದರು. ಹಿಂಜರಿಯುತ್ತಲೇ ಇಂಗ್ಲಿಷಿನಲ್ಲಿ ಹೇಳಿದೆ. ಅವರ ಕಿವಿ ಕೆಂಪಾಯಿತು. ಎದ್ದುಬಿಡುತ್ತಾರೆ ಅಂದುಕೊಂಡೆ. ಎದ್ದರು ಕೂಡ. ಆದರೆ ಬಂದು ಅಮ್ಮನ ಕುರ್ಚಿಯ ಮುಂದೆ ಮಂಡಿಯೂರಿ, ಅಳತೆಕೋಲು ಬಿಚ್ಚಿ, ನೆಲದಿಂದ ಅವಳ ಕಣ್ಣಿನವರೆಗೆ ಅಳೆದರು.

"ನಾನು ಕೂತು ನೋಡಿದ್ದೆ," ಅಂದರು ಮೆಲ್ಲಗೆ. "ನನ್ನ ಎತ್ತರದಲ್ಲಿ."

ಮೂರು ವರ್ಷದ ಮೇಲೆ ಹಡರ್ಸ್‌ಫೀಲ್ಡ್ ಹತ್ತಿರ ಅವರ ಕೊನೆಯ ಲೈಬ್ರರಿ ಎದ್ದು ನಿಂತಿತು. ಬಾಗಿಲು ತೆರೆಯುವ ಮುನ್ನ ನನ್ನನ್ನು ಕರೆದುಕೊಂಡು ಹೋದರು. ಅಮ್ಮ ತೀರಿಹೋಗಿ ಆಗಲೇ ಆರು ತಿಂಗಳಾಗಿತ್ತು, ಅವರಿಗೂ ಗೊತ್ತಿತ್ತು. ಕಿಟಕಿಯ ಪಕ್ಕದ ಬೆಂಚಿನಲ್ಲಿ ನನ್ನನ್ನು ಕೂರಿಸಲಿಲ್ಲ, ತಾವೂ ಕೂರಲಿಲ್ಲ. ಪಕ್ಕದಲ್ಲಿ ಮಂಡಿಯೂರಿ, ಆ ದೊಡ್ಡ ತಲೆಯನ್ನು ಅಮ್ಮನ ಕಣ್ಣಿದ್ದ ಎತ್ತರಕ್ಕೆ ಇಳಿಸಿ, ತುಂಬ ಹೊತ್ತು ಹೊರಗೆ ನೋಡಿದರು. ಬಸ್‌ಸ್ಟಾಪಿನಲ್ಲಿ ಮಕ್ಕಳು ನಿಂತಿದ್ದರು.

"ಮುಖಗಳು ಕಾಣುತ್ತಿವೆ," ಅಂದರು.