ಬಸ್ಸಿಗೆ ಬಯೂಮಿ ಆರಿಸಿದ ಮೀನು

ನಮ್ಮ ಓಣಿಯಲ್ಲಿ ಇಸ್ತ್ರಿ ಅಂಗಡಿಯ ಬಯೂಮಿಯ ಮೂಗಿಗಿದ್ದ ಮರ್ಯಾದೆ ಬೇರೆ ಯಾವ ಅಂಗಕ್ಕೂ ಇರಲಿಲ್ಲ, ಯಾವ ಮನುಷ್ಯನಿಗೂ ಇರಲಿಲ್ಲ. ವಸಂತದ ಹಬ್ಬ ಶಮ್ಮುನ್ನಸೀಮ್ ಬಂತೆಂದರೆ ಈಜಿಪ್ಟಿನ ನಮ್ಮ ಮನ್ಸೂರದ ಅರ್ಧ ಊರು ಬಸ್ಸು ಹತ್ತಿ ರಾಸ್ ಅಲ್‌-ಬರ್‌ನ ಕಡಲ ದಂಡೆಗೆ ಹೊರಡುತ್ತದೆ. ನಮ್ಮ ಓಣಿಯದೂ ಒಂದು ಬಸ್ಸು. ಅದಕ್ಕೆ ಬುತ್ತಿ ಕಟ್ಟುವುದು ನಾನು ಮತ್ತು ಬಯೂಮಿಯ ಹೆಂಡತಿ ಇನ್ಸಾಫ್. ಮೊಟ್ಟೆ, ಹಸಿ ಈರುಳ್ಳಿ, ಸೊಪ್ಪು, ರೊಟ್ಟಿಯನ್ನು ಯಾರು ಬೇಕಾದರೂ ಆರಿಸಿ ತರಬಹುದು. ಫಸೀಖ್ ಮಾತ್ರ ಬಯೂಮಿಯೇ ಆರಿಸಬೇಕು.

ಫಸೀಖ್ ಎಂದರೆ ಪೀಪಾಯಿಯಲ್ಲಿ ಉಪ್ಪು ಸುರಿದು, ವಾರಗಟ್ಟಲೆ ಮುಚ್ಚಿಟ್ಟು, ಬೇಕೆಂದೇ ಅರ್ಧ ಕೊಳೆಸಿದ ಮೀನು. ಒಳ್ಳೆಯದೂ ನಾರುತ್ತದೆ, ಕೆಟ್ಟದ್ದೂ ನಾರುತ್ತದೆ. ಒಳ್ಳೆಯದನ್ನು ತಿಂದವರು ಬೆರಳು ನೆಕ್ಕುತ್ತಾರೆ. ಕೆಟ್ಟದ್ದನ್ನು ತಿಂದವರಿಗೆ ಒಂದು ದೀಪ ಎರಡಾಗಿ ಕಾಣತೊಡಗುತ್ತದೆ, ಗಂಟಲು ಬಿಗಿಯುತ್ತದೆ, ಕೆಲವರಿಗೆ ಉಸಿರೇ ನಿಂತುಹೋಗುತ್ತದೆ. ನಮ್ಮ ಓಣಿಯಲ್ಲಿ ಯಾರಿಗೂ ಹಾಗಾಗಿರಲಿಲ್ಲ. ಬಯೂಮಿ ಹೆಬ್ಬೆರಳ ಉಗುರನ್ನು ಮೀನಿನ ಬೆನ್ನುಮೂಳೆಯ ಪಕ್ಕ ಒತ್ತಿ, ಆ ಉಗುರನ್ನು ಮೂಸಿ, ಒಂದು ಗಳಿಗೆ ಕಣ್ಣು ಮುಚ್ಚಿ, "ಇದು ಬೇಡ, ಇದು ಬರಲಿ" ಎಂದರೆ ಮುಗಿಯಿತು. ಮೀನಿನ ಅಂಗಡಿಯವನೂ ಎದುರು ಮಾತಾಡುತ್ತಿರಲಿಲ್ಲ.

ಅದೇ ಮೂಗಿನಿಂದ ಇನ್ಸಾಫ್ ಪಟ್ಟ ಪಾಡನ್ನೂ ಹೇಳಬೇಕು. ಮದುವೆಯಾದ ದಿನದಿಂದ ಅವಳ ಅಡುಗೆಗೆ ಅವನು ಮೂಗು ಮುರಿಯದ ಊಟವಿಲ್ಲ. ಬೆಳ್ಳುಳ್ಳಿ ಸೀದಿದೆ, ತುಪ್ಪ ಹಳೆಯದು, ಉಪ್ಪು ಸಾಲದು. ನಾನು ಮೇಲಿನ ಮಹಡಿಯವಳು, ಎಲ್ಲ ಕಿವಿಗೆ ಬೀಳುತ್ತಿತ್ತು. ನನ್ನ ಗಂಡನಾಗಿದ್ದರೆ ಪಾತ್ರೆಯನ್ನೇ ತಲೆಗೆ ಮಗುಚುತ್ತಿದ್ದೆ. ಆದರೆ ಈ ಚಳಿಗಾಲದಲ್ಲಿ ಅವನು ಇದ್ದಕ್ಕಿದ್ದಂತೆ ಬದಲಾಗಿದ್ದ. "ಆಹಾ ಇನ್ಸಾಫ್, ಏನು ಘಮ!" ಎನ್ನತೊಡಗಿದ್ದ. ಇನ್ಸಾಫ್ ನನ್ನನ್ನು ಮೆಟ್ಟಿಲ ಮೇಲೆ ನಿಲ್ಲಿಸಿ ನಿಲ್ಲಿಸಿ ಅದನ್ನು ಹೇಳಿದ್ದಳು. ಹೊಸ ಶಾಲು ಕೂಡ ಕೊಂಡಿದ್ದಳು.

ಹಬ್ಬದ ಹಿಂದಿನ ದಿನ, ಭಾನುವಾರ ಮಧ್ಯಾಹ್ನ. ಮೀನು ಶನಿವಾರವೇ ಮನೆಗೆ ಬಂದಿತ್ತು. ಸಾಮಾನು ಹಿಡಿದು ಬರುತ್ತಿದ್ದ ನಾನು ಇಸ್ತ್ರಿ ಅಂಗಡಿಯ ಮುಂದೆ ನಿಂತೆ.

"ಅಣ್ಣ, ಹಳೇ ಪೇಪರ್ ಇದ್ರೆ ಕೊಡು. ಮೀನು ಸುತ್ತೋಕೆ ಸಾಲಲ್ಲ."

"ಪೇಪರ್ ಯಾಕೆ ತಂಗಿ, ಡ್ರೈವರ್ ಶಹಾತನ ಮೂಗಿಗೇ ಒಂದು ಬೂಚು ಹಾಕಿಬಿಡು," ಎಂದು ನಗುತ್ತ ಅವನು ನನ್ನ ಕಡೆ ತಿರುಗಿದ. ಇಸ್ತ್ರಿಪೆಟ್ಟಿಗೆ ಬಿಳಿ ಅಂಗಿಯ ಮೇಲೆಯೇ ನಿಂತಿತ್ತು. ಶಹಾತ ಹೋದ ವರ್ಷ ವಾಸನೆಗೆ ವಾಂತಿ ಮಾಡಿಕೊಂಡ ಕಥೆಯನ್ನು ಅವನು ಕೈಬಾಯಿ ತಿರುಗಿಸಿ ಹೇಳುತ್ತಿದ್ದಂತೆ, ಬೀದಿಯಲ್ಲಿ ನಿಂತ ನನ್ನ ಮೂಗಿಗೆ ಬಟ್ಟೆ ಸೀದ ವಾಸನೆ ಗಪ್ಪೆಂದು ಹೊಡೆಯಿತು. ಅಂಗಿಗೆ ಗೇಣು ದೂರದಲ್ಲಿದ್ದ ಅವನು ಇನ್ನೂ ನಗುತ್ತಲೇ ಇದ್ದ.

"ಅಣ್ಣ, ಅಂಗಿ!"

ಹಾರಿ ಎತ್ತಿದ. ಕಂದು ಬಣ್ಣದ ಮುದ್ರೆ ಬಿದ್ದಿತ್ತು. ಕಿರಾಣಿ ಅಂಗಡಿಯ ಸಿಧೋಮ್ ನಾಳೆ ಬಸ್ಸಿಗೆ ಹಾಕಿಕೊಳ್ಳಬೇಕೆಂದು ಕೊಟ್ಟಿದ್ದ ಅಂಗಿ. ಈ ಚಳಿಗಾಲ ನನ್ನ ಮನೆಯ ಅಂಗಿಯನ್ನೂ ಹೀಗೇ ಸುಟ್ಟಿದ್ದ. ಅವನ ಕಣ್ಣು ಮಂಜಾಗಿದೆ ಎಂದುಕೊಂಡು ಸುಮ್ಮನಿದ್ದೆ. ಈಗ ಬೇರೇನೋ ತಲೆಗೆ ಹೊಳೆಯಿತು. ಚೀಲದಿಂದ ಜೀರಿಗೆ ಪುಡಿಯ ಪೊಟ್ಟಣ ತೆಗೆದು ಬಿಚ್ಚಿ ಅವನ ಮೂಗಿಗೆ ಹಿಡಿದೆ.

"ಏಲಕ್ಕಿ ಪುಡಿ ತಂದೆ. ಹಳೇದು ಕಟ್ಟಿಬಿಟ್ನೋ ಏನೋ, ಸ್ವಲ್ಪ ನೋಡು."

ಅವನು ಕಣ್ಣು ಮುಚ್ಚಿ ಮೂಸಿದ. "ಆಹಾ! ತಾಜಾ ಏಲಕ್ಕಿ. ಇನ್ಸಾಫ್‌ಗೂ ಒಂಚೂರು ಕೊಡು."

"ಅಣ್ಣ, ಇದು ಜೀರಿಗೆ."

ಅವನು ಬಾಗಿಲ ಕಡೆ ನೋಡಿದ, ಯಾರೂ ಇರಲಿಲ್ಲ. ಮಣೆಯ ಮೇಲೆ ಕೂತುಬಿಟ್ಟ.

"ಈ ಚಳಿಗಾಲದ ಜ್ವರ ಹೋಗುವಾಗ ಮೂಗನ್ನೂ ತಗೊಂಡೇ ಹೋಯ್ತು ತಂಗಿ. ಇವತ್ತು ಬರುತ್ತೆ, ನಾಳೆ ಬರುತ್ತೆ ಅಂತ ಕಾದೆ."

"ಮತ್ತೆ ನಿನ್ನೆ ಮೀನು ಹೇಗೆ ಆರಿಸಿದೆ?"

"ಕಣ್ಣಲ್ಲಿ ನೋಡಿದೆ. ಮುಟ್ಟಿ ನೋಡಿದೆ. ಚೆನ್ನಾಗೇ ಇದೆ ಅನ್ಸುತ್ತೆ."

"ಅನ್ಸುತ್ತೆ? ನಲವತ್ತು ಜನ ತಿನ್ನೋದು, ಮಕ್ಕಳು ಮರಿ ತಿನ್ನೋದು, ನಿಂಗೆ ಅನ್ಸುತ್ತೆ?"

"ಮೆಲ್ಲಗೆ ಮಾತಾಡು, ಕೈ ಮುಗೀತೀನಿ. ಇಸ್ತ್ರಿ ಮಾಡೋರು ಊರು ತುಂಬ ಇದ್ದಾರೆ. ಈ ಮೂಗು ಬಿಟ್ರೆ ನನ್ನ ಹತ್ರ ಏನಿತ್ತು ಹೇಳು?"

ಕೋಪವೂ ಬಂತು, ಕನಿಕರವೂ ಬಂತು. ಎರಡರಲ್ಲಿ ಕೋಪವನ್ನೇ ಮಾತಾಡಿಸಿದೆ. "ನೀನೇ ಹೇಳ್ಬೇಕು. ರಾತ್ರಿ ಹೆಂಡತಿಗೆ ಹೇಳ್ತೀಯೋ, ಬೆಳಿಗ್ಗೆ ಬಸ್ಸಲ್ಲಿ ಹೇಳ್ತೀಯೋ ನಿನ್ನಿಷ್ಟ. ಬಸ್ಸು ದುಮ್ಯಾತ್ ಊರು ದಾಟೋ ತನಕ ನೀನು ಬಾಯಿ ಬಿಡದಿದ್ರೆ ನಾನು ಬಿಡ್ತೀನಿ." ದಂಡೆ ಮುಟ್ಟುವ ತನಕ ಮೀನಿನ ಪೊಟ್ಟಣವನ್ನು ಯಾರೂ ಬಿಚ್ಚುವುದಿಲ್ಲ ಎಂಬ ಧೈರ್ಯದ ಮೇಲೆ ಅಷ್ಟು ಹೊತ್ತು ಕೊಟ್ಟೆ. ಅವನು ತಲೆಯಾಡಿಸಿದ.

ಸಂಜೆ ಬುತ್ತಿ ಕಟ್ಟಲು ಕೂತೆವು. ಬೇರೆ ವರ್ಷಗಳಲ್ಲಿ ಅದೇ ನನಗೆ ಹಬ್ಬ. ಈರುಳ್ಳಿ ಸಿಪ್ಪೆಯಲ್ಲಿ ಕುದಿಸಿ ಕೆಂಪಾದ ಮೊಟ್ಟೆಗಳನ್ನು ಒಣಹುಲ್ಲಿನ ಬುಟ್ಟಿಗೆ, ನೆನೆಸಿ ಕಹಿ ತೆಗೆದ ತಿರ್ಮಿಸ್ ಕಾಳನ್ನು ಕಾಗದದ ಸುರುಳಿಗಳಿಗೆ, ಸೊಪ್ಪನ್ನು ಒದ್ದೆ ಬಟ್ಟೆಗೆ. ಮೆತ್ತಗಾಗದಿರಲೆಂದು ರೊಟ್ಟಿಯನ್ನು ಎಲ್ಲಕ್ಕಿಂತ ಮೇಲೆ. ಕೊನೆಗೆ ಮೀನು. ಒಂದೊಂದಕ್ಕೂ ಎಣ್ಣೆ ಸವರಿ, ನಿಂಬೆ ಹಿಂಡಿ, ಅಲ್ಯೂಮಿನಿಯಂ ಹಾಳೆ, ಅದರ ಮೇಲೆ ಪೇಪರ್, ಅದರ ಮೇಲೆ ಪ್ಲಾಸ್ಟಿಕ್, ಎಲ್ಲ ಸೇರಿ ಮುಚ್ಚಳದ ತಗಡಿನ ಡಬ್ಬಕ್ಕೆ. ವಾಸನೆ ಒಂದು ಎಳೆ ಹೊರಬಂದರೂ ಬಸ್ಸನ್ನು ಅಲ್ಲೇ ನಿಲ್ಲಿಸುತ್ತೇನೆಂದು ಶಹಾತ ಈ ಸಲ ಆಣೆ ಇಟ್ಟಿದ್ದ.

ಇನ್ಸಾಫ್ ಒಂದೊಂದು ಪದರ ಸುತ್ತಿದಾಗಲೂ ನನ್ನ ಎದೆಯ ಮೇಲೆ ಒಂದೊಂದು ಕಲ್ಲು ಬೀಳುತ್ತಿತ್ತು. ನಾವು ಎಷ್ಟು ಚೆನ್ನಾಗಿ ಕಟ್ಟುತ್ತೇವೋ ಬೇರೆ ಮೂಗುಗಳಿಂದ ಅದು ಅಷ್ಟು ದೂರವಾಗುತ್ತದೆ. ಅವಳು ನೀರಿಗೆಂದು ಒಳಗೆ ಹೋದಾಗ ಒಂದು ಮೀನು ಎತ್ತಿ ಮೂಸಿದೆ. ಫಸೀಖ್ ನಾರುವ ಹಾಗೇ ನಾರುತ್ತಿತ್ತು. ಇನ್ನೊಂದನ್ನು ಮೂಸಿದೆ, ಅದೂ ಹಾಗೇ. ಇಷ್ಟು ವರ್ಷ ಬಯೂಮಿ ಇದ್ದಾನೆಂದು ನಮ್ಮಲ್ಲಿ ಯಾರೂ ಮೂಗನ್ನು ಪಳಗಿಸಿಕೊಂಡೇ ಇರಲಿಲ್ಲ.

"ಯಾಕೆ ಮುಖ ಸಪ್ಪಗಿದೆ ದೌಲತ್?" ಎಂದಳು ಇನ್ಸಾಫ್. "ನಿನ್ನೆ ರಾತ್ರಿ ಹುರುಳಿ ಬೇಯಿಸಿದ್ದಕ್ಕೂ ಏನು ಘಮ ಅಂದ, ಗೊತ್ತಾ? ಬರೀ ಹುರುಳಿಗೆ! ಈ ವಯಸ್ಸಿಗೆ ಗಂಡಸರಿಗೆ ಬುದ್ಧಿ ಬರುತ್ತೆ ಕಣೇ."

ಬಾಗಿಲಲ್ಲಿ ನಿಂತಿದ್ದ ಬಯೂಮಿ ನನ್ನ ಕಣ್ಣು ತಪ್ಪಿಸಿ ಹೊರಗೆ ಹೋದ. ಆ ರಾತ್ರಿ ಅವನು ಹೇಳಲಿಲ್ಲ.

ಬೆಳಿಗ್ಗೆ ಬಸ್ಸು ಹೊರಟಿತು. ಹಿಂದಿನ ಸೀಟಿನಲ್ಲಿ ಡೋಲು, ಚಪ್ಪಾಳೆ, ಹಾಡು. ಮೀನಿನ ಡಬ್ಬ ಮುಂದೆ ಬಯೂಮಿಯ ಕಾಲ ಬಳಿ. ಸಿಧೋಮ್ ಬೇರೆ ಅಂಗಿ ಹಾಕಿಕೊಂಡು ಬಂದು ಡಬ್ಬವನ್ನೊಮ್ಮೆ ತಟ್ಟಿ, "ಬಯೂಮಿ ಚಿಕ್ಕಪ್ಪ, ಸುಟ್ಟ ಅಂಗಿ ಮಾಫಿ. ನಿನ್ನೆ ಈಸ್ಟರ್ ತನಕ ಉಪವಾಸ ಮಾಡಿ ಈ ಮೀನಿಗೇ ಕಾದಿದ್ದೀನಿ, ದೊಡ್ಡದು ನಂಗೆ," ಎಂದ. ಬಯೂಮಿ ನಕ್ಕ. ನಗು ಕಣ್ಣು ಮುಟ್ಟಲಿಲ್ಲ. ನೈಲ್ ನದಿ ಪಕ್ಕದಲ್ಲೇ ಬರುತ್ತಿತ್ತು. ಒಂದೊಂದೇ ಊರು ಹಿಂದೆ ಸರಿಯಿತು. ನಾನು ಅವನ ಬೆನ್ನನ್ನೇ ನೋಡುತ್ತ ಕೂತೆ. ದುಮ್ಯಾತಿನ ಮರಗೆಲಸದ ಕಾರ್ಖಾನೆಗಳು ಕಾಣಿಸಿದವು. ಏಳಬೇಕು ಎಂದುಕೊಂಡೆ.

ಅಷ್ಟರಲ್ಲಿ ಇನ್ಸಾಫ್ ಎದ್ದಳು. ಹಬ್ಬದ ಬೆಳಿಗ್ಗೆ ಹಸಿ ಈರುಳ್ಳಿ ಜಜ್ಜಿ ಎಲ್ಲರ ಮೂಗಿಗೆ ಹಿಡಿಯುವುದು ನಮ್ಮ ಪದ್ಧತಿ, ವರ್ಷವಿಡೀ ಕಾಯಿಲೆ ಹತ್ತಿರ ಬರುವುದಿಲ್ಲವಂತೆ. ಅವಳು ಬಸ್ಸಿನ ಹಿಂದಿನಿಂದ ಮುಂದಕ್ಕೆ ಒಬ್ಬೊಬ್ಬರಿಗೂ ಹಿಡಿಯುತ್ತ ಬಂದಳು. "ಅಯ್ಯಯ್ಯೋ!" ಎಂದು ಒಬ್ಬೊಬ್ಬರೂ ಮುಖ ಕಿವಿಚಿದಾಗ ಬಸ್ಸೆಲ್ಲ ನಗು. ಕೊನೆಗೆ ಗಂಡನ ಮುಂದೆ ನಿಂತಳು.

"ನಮ್ಮ ಸುಲ್ತಾನನ ಮೂಗಿಗೆ!"

ಪ್ರತಿ ವರ್ಷ ಅವನು ಗುಂಡು ಬಿದ್ದವನಂತೆ ಸೀಟಿನಿಂದ ಉರುಳುತ್ತಿದ್ದ. ಎಲ್ಲರೂ ಅದಕ್ಕೇ ಕತ್ತು ಚಾಚಿದ್ದರು. ಅವನು ಉರುಳಲಿಲ್ಲ. ಹೆಂಡತಿಯ ಮಣಿಕಟ್ಟು ಹಿಡಿದುಕೊಂಡು, "ಇನ್ಸಾಫ್, ಕಣ್ಣು ಉರೀತಿದೆ ಅಷ್ಟೆ. ವಾಸನೆ ಬರ್ತಿಲ್ಲ. ಚಳಿಗಾಲದಿಂದ ನಂಗೆ ಯಾವ ವಾಸನೇನೂ ಬರ್ತಿಲ್ಲ," ಎಂದ.

ಬಸ್ಸು ಗೊಳ್ಳೆಂದು ನಕ್ಕಿತು. "ನೋಡ್ರೋ, ಹೊಸ ನಾಟಕ!" ಎಂದರು ಯಾರೋ.

ಇನ್ಸಾಫ್ ನಗಲಿಲ್ಲ. ಇನ್ನೊಂದು ಈರುಳ್ಳಿಯನ್ನು ಹಲ್ಲಿನಿಂದ ಕಚ್ಚಿ ಸೀಳಿ ಅವನ ಮೂಗಿಗೇ ಒತ್ತಿದಳು. ಅವನ ಕಣ್ಣಿಂದ ನೀರಿಳಿಯಿತು, ಮುಖ ಮಾತ್ರ ಕಿವಿಚಲಿಲ್ಲ. ಡೋಲು ನಿಂತಿತು.

"ಹಂಗಾದ್ರೆ ಮೀನು?" ಎಂದ ಸಿಧೋಮ್.

ಶಹಾತ ಬಸ್ಸನ್ನು ರಸ್ತೆ ಪಕ್ಕಕ್ಕೆ ಹಾಕಿದ.

ಆಮೇಲೆ ಎಲ್ಲರಿಗೂ ಒಟ್ಟಿಗೇ ಬಾಯಿ ಬಂತು. ಡಬ್ಬವನ್ನು ಕೆಳಗಿಳಿಸಿ ಒಂದು ಪೊಟ್ಟಣ ಬಿಚ್ಚಿದರು. ಒಬ್ಬರು ಮೂಸಿ ಚೆನ್ನಾಗಿದೆ ಎಂದರು, ಇನ್ನೊಬ್ಬರು ಅದನ್ನೇ ಮೂಸಿ ಕೆಟ್ಟಿದೆ ಎಂದರು. "ನಂಗೇನೂ ಆಗಲ್ಲ, ನಾನು ತಿಂತೀನಿ," ಎಂದು ಸಿಧೋಮ್ ಕೈ ಚಾಚಿದ. "ನಿಂಗೆ ಮೊದ್ಲೇ ಹೇಳೋಕೆ ಏನಾಗಿತ್ತು ದೊಡ್ಡ ರೋಗ?" ಎಂದು ಒಬ್ಬಳು ಬಯೂಮಿಯ ಮುಖಕ್ಕೇ ಕೂಗಿದಳು. ಅವಳ ಮಾತಿನಲ್ಲಿ ತಪ್ಪೇನಿರಲಿಲ್ಲ.

ಬಯೂಮಿ ಬಸ್ಸಿನ ಹಿಂದಕ್ಕೆ ಹೋಗಿ ಶಹಾತನ ಡೀಸೆಲ್ ಡಬ್ಬಿ ಹಿಡಿದುಕೊಂಡು ಬಂದ.

"ಏನ್ ಮಾಡ್ತಿದ್ದೀಯಾ ಚಿಕ್ಕಪ್ಪ!" ಸಿಧೋಮ್ ಅಡ್ಡ ಬಂದ. "ಒಳ್ಳೇ ಮೀನೇ ಆಗಿದ್ರೆ?"

"ಆಗಿರಬಹುದು. ನಂಗೆ ಗೊತ್ತಿಲ್ಲ. ಸುಮ್ನೆ ಎಸೆದ್ರೆ ನೀನೇ ತಿರುಗಿ ಬಂದು ಎತ್ಕೋತೀಯ, ನೀನಲ್ಲದಿದ್ರೆ ಯಾರೋ ಹಸಿದವನು. ಸರಿ ಆಚೆ."

ಎಲ್ಲರ ಎದುರಿಗೆ ಪೊಟ್ಟಣಗಳನ್ನು ಒಂದೊಂದೇ ಹರಿದು ಡೀಸೆಲ್ ಸುರಿದ. ನಾವು ಮೂಗು ಮುಚ್ಚಿಕೊಂಡೆವು. ಅವನು ಆ ಘಾಟಿನ ನಡುವೆ ಬಗ್ಗಿ ಕೂತು, ಯಾವುದೂ ತಪ್ಪಿಹೋಗದಂತೆ ನೋಡಿ ನೋಡಿ ಸುರಿಯುತ್ತಲೇ ಇದ್ದ. ಆ ಮೀನು ಒಳ್ಳೆಯದಿತ್ತೋ ಕೆಟ್ಟದ್ದಿತ್ತೋ, ಇವತ್ತಿಗೂ ಯಾರಿಗೂ ಗೊತ್ತಿಲ್ಲ. ಓಣಿಯಲ್ಲಿ ಈಗಲೂ ಜಗಳವಾಗುತ್ತದೆ.

ರಾಸ್ ಅಲ್‌-ಬರ್‌ನಲ್ಲಿ ನದಿ ಕಡಲು ಸೇರುವ ಕಡೆ ಚಾಪೆ ಹಾಸಿದೆವು. ಮೊಟ್ಟೆ, ಸೊಪ್ಪು, ತಿರ್ಮಿಸ್ ಕಾಳು. ಫಸೀಖ್ ಇಲ್ಲದ ಹಬ್ಬ. ಬಯೂಮಿಯ ಪಕ್ಕ ಯಾರೂ ಕೂರಲಿಲ್ಲ. ಇನ್ಸಾಫ್ ಬುಟ್ಟಿ ಹಿಡಿದುಕೊಂಡು ಹೋಗಿ ಅವನೆದುರು ಕೂತಳು. ಮೀನಿನ ವಿಷಯಕ್ಕೆ ಬೈಯುತ್ತಾಳೆಂದುಕೊಂಡೆ.

"ಹುರುಳಿಗೆ ಘಮ ಅಂದೆ," ಎಂದಳು. "ಮೊನ್ನೆ ಬಾತುಕೋಳಿಗೂ ಅಂದೆ. ಚಳಿಗಾಲ ಪೂರ್ತಿ ಅಂದೆ. ಎಲ್ಲಾ ಸುಳ್ಳು."

ಅವನು ತಲೆ ತಗ್ಗಿಸಿದ. "ಮೊದಲ್ನೇ ದಿನ ಸಿಕ್ಕಿಬೀಳಬಾರದು ಅಂತ ಹೇಳಿದೆ. ನಿನ್ನ ಮುಖ ಅರಳಿತು. ಆಮೇಲೆ ಅದನ್ನ ನೋಡೋಕೇ ಹೇಳ್ತಿದ್ದೆ."

ಇನ್ಸಾಫ್ ಹೊಸ ಶಾಲಿನ ತುದಿಯಿಂದ ಕಣ್ಣೊರೆಸಿಕೊಂಡಳು. ಒಂದು ಕೆಂಪು ಮೊಟ್ಟೆ ತೆಗೆದು ಕಲ್ಲಿಗೆ ಕುಟ್ಟಿ, ನಿಧಾನವಾಗಿ ಸುಲಿದು, ಉಪ್ಪು ಉದುರಿಸಿ ಅವನ ಕೈಗಿಟ್ಟಳು. ಅವನು ಕಚ್ಚಿದ. ಅಗಿಯುತ್ತ ಅವಳ ಮುಖ ನೋಡಿದ. ಅವಳು ಕಾಯುತ್ತಿದ್ದಳು. ನಾನೂ ಸೊಪ್ಪು ಹಿಡಿದ ಕೈ ಹಾಗೇ ನಿಲ್ಲಿಸಿದ್ದೆ.

"ಉಪ್ಪು ಸಾಲದು," ಎಂದ ಬಯೂಮಿ.

ಇನ್ಸಾಫ್ ಅವನ ತೋಳಿಗೊಂದು ಗುದ್ದಿ, ಉಪ್ಪಿನ ಪೊಟ್ಟಣವನ್ನು ಅವನ ಮುಂದೆ ಕುಕ್ಕಿದಳು. ಆಮೇಲೆ ತನಗೂ ಒಂದು ಮೊಟ್ಟೆ ಸುಲಿದುಕೊಂಡು ಅವನ ಪಕ್ಕಕ್ಕೆ ಸರಿದು ಕೂತಳು.