ಗಂಜಿ ಕುಡಿದ ರತ್ನಗಂಬಳಿ

ಹೋದ ತಿಂಗಳು ಚಿಕ್ಕನಾಯಕನಹಳ್ಳಿಯಲ್ಲಿ ಬಸ್ಸಿಗೆ ಕಾದು ಬೇಜಾರಾಗಿ ಹಿಂದಿನ ಬೀದಿಯ ಕಡೆ ಕಾಲು ಹಾಕಿದ್ದೆ. ಒಂದು ಮನೆಯ ಮುಂದೆ ಮೂರು ಕಲ್ಲಿನ ಒಲೆಯ ಮೇಲೆ ಏನೋ ಕುದಿಯುತ್ತಿತ್ತು. ಅದರ ವಾಸನೆ ಮೂಗಿಗೆ ತಾಗಿದ್ದೇ ನಿಂತುಬಿಟ್ಟೆ. ಹುಣಸೆ ಬೀಜ ಹುರಿದು, ಬೀಸಿ, ನೀರಿಗೆ ಹಾಕಿ ಕಾಯಿಸಿದ ಗಂಜಿ. ಕಂಬಳಿ ನೇಯುವವರು ಹಚ್ಚುವುದು ಇದನ್ನೇ. ಹಚ್ಚಿದರೆ ಕಂಬಳಿ ಬಿಗಿಯಾಗಿ ನಿಲ್ಲುತ್ತದೆ, ಮಳೆ ಹನಿ ಅಷ್ಟು ಸುಲಭಕ್ಕೆ ಒಳಗಿಳಿಯುವುದಿಲ್ಲ. ಸುಟ್ಟ ಸಿಪ್ಪೆಯ ಕಮಟು, ಅದರ ಹಿಂದೆಯೇ ಒಂದಿಷ್ಟು ಹುಳಿ...

ಒಲೆಯ ಮುಂದಿದ್ದ ಹೆಂಗಸು "ಯಾರು ಬೇಕಾಗಿತ್ತವ್ವ?" ಎಂದು ಕೇಳಿದಳು. ಯಾರೂ ಇಲ್ಲ ಎಂದೆ. ಬೇಕಾಗಿದ್ದವಳು ಹೋಗಿ ಬಹಳ ವರ್ಷವಾಗಿತ್ತು.

ನಾವೆಲ್ಲ ಅವಳನ್ನು ಅಕ್ಕ ಎಂದೇ ಕರೆಯುತ್ತಿದ್ದೆವು. ಎಂಬತ್ತರ ದಶಕದ ಮೊದಲ ವರ್ಷಗಳು. ತಿಪಟೂರಿನಲ್ಲಿ ನಾನು ಮದುವೆ, ನಾಮಕರಣಗಳಿಗೆ ಪಾತ್ರೆ ಮತ್ತು ಜಮಖಾನ ಬಾಡಿಗೆಗೆ ಕೊಡುವ ಸಣ್ಣ ಅಂಗಡಿ ಇಟ್ಟಿದ್ದೆ. ತವರಿನಿಂದ ಬಂದ ಎರಡು ತಪ್ಪಲೆ ಮತ್ತು ನನ್ನ ಬಾಯಿ, ಇವೇ ಬಂಡವಾಳ. ಅಂಗಡಿಯ ಹಿಂದಿನ ಗೋಡೆಗೆ ಅಂಟಿಕೊಂಡ ಒಂಟಿ ಕೋಣೆಯಲ್ಲಿ ಅಕ್ಕ ಇದ್ದಳು. ಅವಳ ತವರು ಚಿಕ್ಕನಾಯಕನಹಳ್ಳಿ ಕಡೆಯ ಕಂಬಳಿ ನೇಯುವ ಮನೆ. ಗಾಡಿ ಹೊಡೆಯುತ್ತಿದ್ದ ಗಂಡ ತೀರಿಕೊಂಡ ಮೇಲೆ ಕೊಬ್ಬರಿ ಮಂಡಿಗೆ ಕೂಲಿಗೆ ಹೋಗುತ್ತಿದ್ದಳು. ಬೆಳಗಿನಿಂದ ಸಂಜೆವರೆಗೆ ನೆಲದ ಮೇಲೆ ಕೂತು ಚಿಪ್ಪು ಒಡೆದು ಒಣ ಕೊಬ್ಬರಿಯ ಗಿಟುಕು ಬಿಡಿಸುವುದು, ದಪ್ಪದ್ದು ಸಣ್ಣದ್ದು ಬೇರೆ ಮಾಡುವುದು. ಸಂಜೆ ಮನೆಗೆ ಬಂದರೆ ಗೋಡೆ ಹಿಡಿಯದೆ ಮೇಲೇಳಲು ಆಗುತ್ತಿರಲಿಲ್ಲ.

"ಉಣ್ಣೆ ಮುಟ್ಟಿ ಬೆಳೆದ ಕೈ ಕಣೇ ಇದು," ಎನ್ನುತ್ತಿದ್ದಳು ಮೊಣಕಾಲಿಗೆ ಎಣ್ಣೆ ತಿಕ್ಕಿಕೊಳ್ಳುತ್ತ. "ಉಣ್ಣೆನಲ್ಲೇ ಬದುಕ್ಬೇಕು. ಮಂಡಿ ನೆಲದ ಮೇಲೆ ಸಾಯೋಕೆ ನನಗಿಷ್ಟ ಇಲ್ಲ."

ಸಂಕೋಚ ಎನ್ನುವುದು ಅವಳಿಗೆ ಗೊತ್ತಿರಲಿಲ್ಲ. ಒಂದು ದಿನ ನಾನು ಹಿತ್ತಲಲ್ಲಿ ಸಾರು ಚೆಲ್ಲಿದ ಜಮಖಾನವನ್ನು ಬ್ರಷ್ ಹಾಕಿ ತಿಕ್ಕುತ್ತಿದ್ದೆ. ಅಕ್ಕ ಬಂದವಳೇ ಬ್ರಷ್ ಕಿತ್ತು ಆಚೆ ಎಸೆದಳು. "ಲೇ, ಕುದುರೆ ಮೈ ತಿಕ್ದಂಗೆ ತಿಕ್ತೀಯಲ್ಲೇ. ತಿಕ್ಕಿದಷ್ಟೂ ಕಲೆ ಒಳಕ್ಕೆ ಹೋಗ್ತದೆ. ಒತ್ತು, ಒತ್ತಿ ತೆಗಿ." ಒಣ ಬಟ್ಟೆ ಇಟ್ಟು ಅಂಗೈಯಿಂದ ಒತ್ತಿದಳು, ಬಟ್ಟೆ ಬದಲಿಸಿದಳು, ಮತ್ತೆ ಒತ್ತಿದಳು. ಆಮೇಲೆ ಅಂಟುವಾಳದ ನೊರೆ. ಸಂಜೆಗೆ ಜಮಖಾನ ಹೊಸದರಂತೆ ಆಯಿತು. ಇದನ್ನು ಓದುತ್ತಿರುವ ನೀವೂ ನೆನಪಿಟ್ಟುಕೊಳ್ಳಿ. ಜಮಖಾನವಾಗಲಿ ಉಣ್ಣೆಯ ಹಾಸಾಗಲಿ, ಅದರ ಮೇಲೆ ಏನು ಚೆಲ್ಲಿದರೂ ಅಂಚಿನಿಂದ ನಡುವಿನ ಕಡೆಗೆ ಒತ್ತುತ್ತ ಹೋಗಬೇಕು. ತಿಕ್ಕಿದಿರೋ, ಆ ಕಲೆ ನಿಮ್ಮ ಮೊಮ್ಮಕ್ಕಳ ಕಾಲಕ್ಕೂ ಇರುತ್ತದೆ.

ನನ್ನ ತಲೆ ಅವತ್ತೇ ಓಡಿತು. ಮಂಡಿ ಬೀದಿಯ ದೊಡ್ಡ ಮನೆಗಳಲ್ಲಿ ರತ್ನಗಂಬಳಿಗಳಿದ್ದವು. ಕೊಳೆಯಾದರೆ ಏನು ಮಾಡಬೇಕೆಂದು ತಿಳಿಯದೆ ಸುತ್ತಿ ಮೂಲೆಗೆ ಹಾಕುತ್ತಿದ್ದರು. ಅಕ್ಕನಿಗೆ ಕೈ ಇತ್ತು, ನನಗೆ ಮಾತು ಇತ್ತು. ಕೆಲಸ ಹುಡುಕಿ ತರುವುದು ನಾನು, ತೊಳೆಯುವುದು ಅವಳು ಎಂದು ಮಾತಾಯಿತು. ಮೊದಲ ದೊಡ್ಡ ಕೆಲಸಕ್ಕೆ ನಾನು ಹೋಗಿದ್ದು ಅಕ್ಕ ಕೂಲಿಗೆ ಹೋಗುತ್ತಿದ್ದ ಮಂಡಿಯ ಸಾಹುಕಾರರ ಮನೆಗೇ. ಸಾಹುಕಾರರ ಹೆಂಡತಿಯನ್ನು ಎಲ್ಲರೂ ಅಮ್ಮಾವ್ರು ಎನ್ನುತ್ತಿದ್ದರು. ವ್ಯವಹಾರದಲ್ಲಿ ಆಕೆ ಗಂಡನನ್ನೂ ಮೀರಿಸಿದವರು, ನನಗೆ ಸರಿಯಾದ ಜೋಡಿ.

ಅವರ ರತ್ನಗಂಬಳಿಯನ್ನು ಮಾವನವರು ಉತ್ತರದ ಕಡೆಯಿಂದ ರೈಲಿನಲ್ಲಿ ತಂದಿದ್ದರಂತೆ. ಕೆಂಪು ನೆಲ, ನಡುವೆ ನೀಲಿ ಬಳ್ಳಿ. ಕೈಯಲ್ಲಿ ಗಂಟು ಹಾಕಿ ನೇಯ್ದದ್ದು. ಕೈಕೆಲಸ ಹೌದೋ ಅಲ್ಲವೋ ಎಂದು ನೋಡುವುದಕ್ಕೆ ಹಾಸನ್ನು ಮಗುಚಬೇಕು. ಮುಂದಿನ ಚಿತ್ರ ಹಿಂದೆಯೂ ಗಂಟುಗಂಟಾಗಿ ಹಾಗೇ ಕಂಡರೆ ಕೈಕೆಲಸ. ಹಿಂದೆ ಅಂಟು ಬಳಿದ ಗೋಣಿ ಕಂಡರೆ ಅಂಗಡಿಯವನ ಮಾತಿಗೆ ತಲೆಯಾಡಿಸಿ ಮನೆಗೆ ಬನ್ನಿ. ನಮ್ಮ ಕಡೆಯವರಿಗೆ ಬೆಲೆಬಾಳುವುದನ್ನೆಲ್ಲ ಅಟ್ಟಕ್ಕೆ ಏರಿಸುವ ಚಾಳಿ. ವರ್ಷಗಟ್ಟಲೆ ಕಾಯಿ ಒಣಗುವ ಕೊಬ್ಬರಿ ಅಟ್ಟದ ಮೇಲೆ ಇದನ್ನೂ ಮಡಿಸಿ ಇಟ್ಟಿದ್ದರು. ಒಲೆಯ ಹೊಗೆ, ಕಾಯಿಯ ಧೂಳು, ಕೊಬ್ಬರಿ ಹುಳ ಎಲ್ಲ ಸೇರಿ ಕೆಂಪು ಯಾವುದು ನೀಲಿ ಯಾವುದು ತಿಳಿಯದ ಹಾಗೆ ಆಗಿತ್ತು.

ಅಕ್ಕ ಅದನ್ನು ಮೂಸಿ ನೋಡಿದಳು. "ಹೊಗೆ ಹೋಗ್ತದೆ ಅಮ್ಮಾರೆ. ಆ ಎಳನೀರಿನ ಕಲೆ ಐತಲ್ಲ, ಅದು ಹೋಗಲ್ಲ. ಈಗ್ಲೇ ಹೇಳಿವ್ನಿ."

"ಕಲೆ ಇರಲಿ, ಕಂಬಳಿ ಉಳಿದ್ರೆ ಸಾಕು," ಎಂದರು ಅಮ್ಮಾವ್ರು. "ಆದ್ರೆ ಕೇಳು. ಇದೇನಾದ್ರೂ ಕೆಟ್ಟರೆ ನಮ್ಮದಿರಲಿ, ಈ ಬೀದಿಯ ಯಾವ ಮಂಡಿನಲ್ಲೂ ನಿನಗೆ ಕೂಲಿ ಸಿಗಲ್ಲ."

"ಚೆನ್ನಾಗಾದ್ರೆ?"

"ಆದ್ರೆ ನಮ್ಮ ನೆಂಟರಿಷ್ಟರ ಮನೇದೆಲ್ಲ ನಿನಗೇ ಕೊಡಿಸ್ತೀನಿ."

"ಹಂಗಾದ್ರೆ ಸುತ್ತಿ ಕೊಡಿ," ಎಂದಳು ಅಕ್ಕ. ನಾನು ಪಕ್ಕದಲ್ಲಿ ನಿಂತು ಅವಳ ಸೆರಗು ಎಳೆಯುತ್ತಲೇ ಇದ್ದೆ. ಮಂಡಿ ಕೂಲಿ ಹೋದರೆ ಅವಳಿಗೆ ಬೇರೆ ದಾರಿಯೇ ಇರಲಿಲ್ಲ. ನಾನಾಗಿದ್ದರೆ ಮೊದಲು ಅವರ ಮನೆಯ ಒಂದು ಹಳೇ ಜಮಖಾನ ತೊಳೆದು ನಂಬಿಕೆ ಗಳಿಸುತ್ತಿದ್ದೆ.

ಹೊನ್ನವಳ್ಳಿ ರಸ್ತೆಯಲ್ಲಿ ನನಗೆ ಪರಿಚಯದವರ ತೆಂಗಿನ ತೋಟವಿತ್ತು. ಪಂಪ್‌ಸೆಟ್ ನೀರು ಬೀಳುವ ಕಡೆ ಅಗಲವಾದ ಕಲ್ಲು ಚಪ್ಪಡಿ ಹಾಕಿದ್ದರು. ಅಕ್ಕ ಮೊದಲು ಮಾಡಿದ ಕೆಲಸವೆಂದರೆ ಸುತ್ತ ಬಿದ್ದಿದ್ದ ತೆಂಗಿನ ಮಟ್ಟೆಯನ್ನೆಲ್ಲ ದೂರ ಎಸೆದು ಗುಡಿಸಿದ್ದು. ಹಸಿ ಮಟ್ಟೆಯ ನೀರು ಉಣ್ಣೆಗೆ ತಾಗಿದರೆ ಕಂದು ಕಲೆ ಖಂಡಿತ. ಆಮೇಲೆ ಕಂಬಳಿಯನ್ನು ಮಗುಚಿ ಹಾಕಿ ಹಿಂದಿನಿಂದ ಬಡಿದಳು. ಧೂಳೆಲ್ಲ ಉದುರಿದ ಮೇಲೆಯೇ ನೀರು. ಬಿಳಿ ಬಟ್ಟೆ ಒದ್ದೆ ಮಾಡಿ ಕೆಂಪಿನ ಮೇಲೆ ಒತ್ತಿ, ಬಣ್ಣ ಬಿಡುತ್ತದೆಯೇ ಎಂದು ನೋಡಿದಳು. ಸ್ವಲ್ಪ ಬಿಟ್ಟಿತು. ಬಣ್ಣ ನಿಲ್ಲಲಿ ಎಂದು ತೊಳೆಯುವ ನೀರಿಗೆ ನಿಂಬೆ ಹಿಂಡಿದಳು. ಅಂಟುವಾಳದ ನೊರೆ ಹಾಕಿ ಕೈಯಲ್ಲೇ ಮೆಲ್ಲಗೆ ತಟ್ಟಿದಳು. ನೀರು ತೆಗೆಯಲು ಅವಳ ಬಳಿ ಒಂದು ಕರಟವಿತ್ತು, ಬಾಯಿ ನಯವಾಗುವ ಹಾಗೆ ಕಲ್ಲಿಗೆ ತೇಯ್ದದ್ದು. ಅದನ್ನು ಉಣ್ಣೆಯ ಕೂದಲು ಮಲಗಿದ ದಿಕ್ಕಿಗೇ ಒತ್ತಿ ಎಳೆದರೆ ಕಪ್ಪು ನೀರು ಅಂಚಿಗೆ ಹರಿದು ಬರುತ್ತಿತ್ತು. ಎಳೆದಂತೆಲ್ಲ ಕೆಂಪು ಎದ್ದು ಬಂತು. ನೀಲಿ ಬಳ್ಳಿಗೆ ಎಲೆಗಳೂ ಇದ್ದವು ಎಂದು ನಮಗೆ ಆಗಲೇ ಗೊತ್ತಾಗಿದ್ದು...

ನೆರಳಿನಲ್ಲಿ ಬೊಂಬಿನ ಮೇಲೆ ಒಣಹಾಕಿ ನಾನು ಅಂಗಡಿಗೆ ಬಂದೆ. ಕೆಲಸ ಗೆದ್ದಿತು ಎಂದುಕೊಂಡಿದ್ದೆ.

ನಾಲ್ಕು ದಿನ ಬಿಟ್ಟು ಒಂದು ಮಧ್ಯಾಹ್ನ ಕೈಗಾಡಿ ತೆಗೆದುಕೊಂಡು ತೋಟಕ್ಕೆ ಹೋದರೆ ರತ್ನಗಂಬಳಿ ತೆಂಗಿನ ಮರಕ್ಕೆ ಒರಗಿ ನಿಂತಿತ್ತು. ಯಾರೂ ಹಿಡಿದಿರಲಿಲ್ಲ, ಕಟ್ಟಿರಲಿಲ್ಲ. ಬಾಗಿಲು ಕಿತ್ತು ತಂದು ಒರಗಿಸಿದಂತೆ ತಾನೇ ನಿಂತಿತ್ತು. ಪಕ್ಕದಲ್ಲಿ ಅದೇ ಹುಣಸೆ ಬೀಜದ ಗಂಜಿಯ ಮಡಕೆ, ಅದೇ ಕಮಟು ವಾಸನೆ.

"ಏನಕ್ಕಾ ಇದು?"

"ಒಣಗಿದ ಮೇಲೆ ಜೋಲುಜೋಲಾಗಿತ್ತು ಕಣೇ. ನಮ್ಮಪ್ಪನ ಮನೇಲಿ ಅಂಥ ಕಂಬಳಿ ಕೊಟ್ರೆ ಮುಖಕ್ಕೆ ಎಸೀತಿದ್ರು. ಅದುಕ್ಕೇ ಹಿಂದಕ್ಕೆ ಒಂದು ಕೈ ಗಂಜಿ ಹಚ್ದೆ."

ಕಂಬಳಿ ಬಿಗಿಯಾಗಿರಬೇಕು, ರತ್ನಗಂಬಳಿ ಮೆತ್ತಗಿರಬೇಕು. ಹುಟ್ಟಿದಾಗಿನಿಂದ ಕಂಬಳಿ ನೋಡಿದವಳಿಗೆ ಮೆತ್ತಗಿದ್ದದ್ದೇ ಕೆಟ್ಟದ್ದಾಗಿ ಕಂಡಿತ್ತು. ನಾನು ಒಂದು ಅಂಚನ್ನು ಬಗ್ಗಿಸಲು ನೋಡಿದೆ. ಒಳಗೆಲ್ಲೋ ಚಟಕ್ಕೆಂದಿತು. ಕೈ ಬಿಟ್ಟೆ.

"ಹಾಸೋಕೆ ಆಗಲ್ಲ, ಬೇಕಾದ್ರೆ ಬಚ್ಚಲಿಗೆ ತಡಿಕೆ ಕಟ್ಟಬಹುದು," ಎಂದೆ. ಅಕ್ಕ ನಗಲಿಲ್ಲ. ಕಂಬಳಿಯನ್ನು ತಟ್ಟಿ ನೋಡಿದಳು. ಹಲಗೆಯ ಸದ್ದು ಬಂತು. ಅವಳ ಮುಖ ಇಳಿದಿದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ನಾನು ಉಪಾಯ ಹೇಳಿದೆ. ಉತ್ತರದ ಕಡೆ ಹುಳ ಹತ್ತದಿರಲಿ ಎಂದು ಹೀಗೇ ಮಾಡುತ್ತಾರೆ, ತುಳಿದರೆ ತಾನೇ ಮೆತ್ತಗಾಗುತ್ತದೆ ಎಂದು ಅಮ್ಮಾವ್ರಿಗೆ ಹೇಳಿಬಿಡೋಣ ಎಂದೆ. ಅಕ್ಕ ಗಂಜಿಯ ಮಡಕೆಯನ್ನು ಎತ್ತಿ ಪಕ್ಕಕ್ಕಿಟ್ಟಳು. "ನಿನ್ನ ನಾಲಗೆ ಬಾಡಿಗೆ ಅಂಗಡೀದು. ನನ್ನ ನಾಲಗೆ ಅಷ್ಟು ಸಲೀಸಾಗಿ ತಿರುಗಲ್ಲ. ನಡಿ."

ಅಮ್ಮಾವ್ರು ಜಗಲಿಯ ಮೇಲೆ ಕೂತು ಅಲಸಂದೆಕಾಯಿ ಬಿಡಿಸುತ್ತಿದ್ದರು. ಅಕ್ಕ ಮೆಟ್ಟಿಲ ಕೆಳಗೇ ನಿಂತು ಹೇಳಿದಳು. "ಹೊಗೆ ಹೋಯ್ತು ಅಮ್ಮಾರೆ, ಬಣ್ಣ ಬಂತು. ಆದ್ರೆ ನಾನು ಹುಣಸೆಬೀಜದ ಗಂಜಿ ಹಚ್ಬಿಟ್ಟೆ. ಹಲಗೆಯಂಗೆ ಕುಂತೈತೆ. ನಾನೇ ಕೆಡಿಸಿದ್ದು, ನಾನೇ ಸರಿ ಮಾಡ್ತೀನಿ. ಟೈಮು ಕೊಡಿ."

"ಕೊಡದಿದ್ರೆ?"

"ಕೊಡದಿದ್ರೂ ಕಂಬಳಿ ನನ್ನತ್ರ ಐತಲ್ಲ."

ಅಮ್ಮಾವ್ರ ಕೈ ಅಲಸಂದೆಕಾಯಿಯ ಮೇಲೆ ನಿಂತಿತು. ಬೈಗುಳ ಬರುತ್ತದೆಂದು ನಾನು ತಲೆ ತಗ್ಗಿಸಿದೆ. "ಆಯುಧಪೂಜೆಯೊಳಗೆ ಮನೆಗೆ ಬರಬೇಕು," ಎಂದರು. "ಅಲ್ಲೀವರೆಗೂ ಮಂಡಿಗೆ ಬರಬೇಡ. ಬಂದ್ರೂ ಕೂರಿಸಲ್ಲ."

ಕೂಲಿ ಅವತ್ತಿನಿಂದಲೇ ನಿಂತಿತು. ಅಕ್ಕ ದಿನವೂ ಬೆಳಗಾದರೆ ತೋಟಕ್ಕೆ ನಡೆದು ಹೋಗುತ್ತಿದ್ದಳು. ಇಡೀ ಕಂಬಳಿಯನ್ನು ಬಿಸಿನೀರಿಗೆ ಅದ್ದುವ ಹಾಗಿರಲಿಲ್ಲ, ಅದ್ದಿದರೆ ಕೆಂಪು ಬಣ್ಣ ನೀಲಿಗೆ ಹರಿಯುತ್ತದೆ. ಅದಕ್ಕೆ ಅಂಗೈಯಗಲ ಜಾಗ ಆರಿಸಿಕೊಂಡು, ಉಗುರುಬೆಚ್ಚಗಿನ ನೀರಿನಲ್ಲಿ ಹಿಂಡಿದ ಬಟ್ಟೆಯನ್ನು ಹಿಂಬದಿಗೆ ಹೊದಿಸುವುದು. ಗಂಜಿ ನೆನೆದು ಲೋಳೆಯಾಗುವವರೆಗೆ ಕಾಯುವುದು. ಲೋಳೆಯನ್ನು ಕರಟದ ಬಾಯಿಯಿಂದ ಎಳೆದು ತೆಗೆಯುವುದು. ಅದು ಒಣಗಿದ ಮೇಲೆ ಪಕ್ಕದ ಅಂಗೈಯಗಲ. ಅವಸರ ಮಾಡಿ ಉಗುರು ಹಾಕಿದರೆ ಗಂಟು ಕಿತ್ತು ಬರುತ್ತಿತ್ತು. ನಾನು ಊಟ ತೆಗೆದುಕೊಂಡು ಹೋದರೆ ತಲೆ ಎತ್ತುತ್ತಿರಲಿಲ್ಲ.

"ಸಾಕು ಬುಡಕ್ಕ, ಅರ್ಧ ಮೆತ್ತಗಾಗಿದೆಯಲ್ಲ. ಉಳಿದಿದ್ದನ್ನ ನಾನು ಮಾತಲ್ಲಿ ಸರಿ ಮಾಡ್ತೀನಿ," ಎಂದೆ ಒಂದು ದಿನ.

"ನಿನ್ನ ಮಾತಿನ ಮೇಲೆ ಯಾರೂ ಕೂತ್ಕಳಲ್ಲ ಕಣೇ," ಎಂದಳು. "ಇದರ ಮೇಲೆ ಕೂತ್ಕತ್ತಾರೆ."

ಆಯುಧಪೂಜೆಗೆ ಇನ್ನೂ ಸ್ವಲ್ಪ ದಿನ ಇರುವಾಗಲೇ ಅಮ್ಮಾವ್ರು ಯಾರಿಗೂ ಹೇಳದೆ ಎತ್ತಿನ ಗಾಡಿಯಲ್ಲಿ ತೋಟಕ್ಕೆ ಬಂದರು. ಕಂಬಳಿ ನೆರಳಿನಲ್ಲಿ ಹಾಸಿತ್ತು. ಚಪ್ಪಲಿ ಬಿಟ್ಟು ಅದರ ಮೇಲೆ ನಡೆದರು. ಬಗ್ಗಿ ಕೈಯಾಡಿಸಿದರು. ಆಮೇಲೆ ನಡುವಿನ ಬಳ್ಳಿಯ ಮೇಲೆ ಕಾಲು ಚಾಚಿ ಕೂತೇಬಿಟ್ಟರು. "ನಾನು ಮದುವೆಯಾಗಿ ಬಂದಾಗ ಹಿಂಗಿತ್ತು," ಎಂದರು. "ಗಾಡಿಗೆ ಹಾಕಿ."

"ಆಗಲ್ಲ," ಎಂದಳು ಅಕ್ಕ. "ಒಂದು ಮೂಲೆ ಉಳ್ದೈತೆ. ಇನ್ನೂ ಗಟ್ಟಿಯಾಗೈತೆ."

ಅಮ್ಮಾವ್ರು ಆ ಮೂಲೆಯನ್ನು ಬೆರಳಿನಿಂದ ತಟ್ಟಿ ನೋಡಿ ನಕ್ಕರು. "ಇದನ್ನ ಮುಟ್ಟಬೇಡ, ಇರಲಿ. ಮುಂದಿನ ಸಲ ನೀನು ರೇಟು ಜಾಸ್ತಿ ಕೇಳಿದಾಗ ನನಗೆ ತೋರಿಸೋಕೆ ಒಂದು ಬೇಕಲ್ಲ."

ಅಕ್ಕ ತಕರಾರು ಮಾಡಿದಳು, ಕಂಬಳಿಯ ಮೇಲೆ ಕೈಯಿಟ್ಟು ಅಡ್ಡ ಕೂತಳು. ಅಮ್ಮಾವ್ರು ಜಗ್ಗಲಿಲ್ಲ. ಅಕ್ಕನನ್ನು ಮಾತಿನಲ್ಲಿ ಸೋಲಿಸಿದವರು ಅವರೊಬ್ಬರೇ. ಹೇಳಿದಂತೆ ಪ್ರತಿ ವರ್ಷ ಆ ಮೂಲೆ ತೋರಿಸಿ ಕೂಲಿ ಇಳಿಸಿದರು. ಹೇಳಿದಂತೆ ನೆಂಟರಿಷ್ಟರ ಮನೆಯ ಹಾಸುಗಳನ್ನೂ ಕಳಿಸಿದರು.

ಅಕ್ಕ ಮತ್ತೆ ಮಂಡಿಯ ನೆಲದ ಮೇಲೆ ಕೂರಲಿಲ್ಲ. ತುರುವೇಕೆರೆಯಿಂದ ಕೆಲಸ ಬಂತು, ಅರಳಗುಪ್ಪೆಯಿಂದ ಬಂತು. ಅಮ್ಮಸಂದ್ರದಿಂದ ಬಂದ ಹಾಸುಗಳಲ್ಲಿ ಅಲ್ಲಿನ ಕಾರ್ಖಾನೆಯ ಸಿಮೆಂಟಿನ ಧೂಳು ಇರುತ್ತಿತ್ತು. ಅವನ್ನು ನೀರು ಸೋಕಿಸದೆ ಎಷ್ಟೋ ಹೊತ್ತು ಬಡಿಯುತ್ತಿದ್ದಳು. "ಒಂದ್ಸಲ ಹಲಗೆ ಮಾಡಿದ್ದು ಸಾಕು," ಎನ್ನುತ್ತಿದ್ದಳು. ಗಂಜಿಯ ಮಡಕೆಯನ್ನು ಒಡೆಯಲಿಲ್ಲ, ಅದರಲ್ಲಿ ತುಳಸಿ ನೆಟ್ಟಳು.

ಮೊಣಕಾಲು ಪೂರ್ತಿ ಹಿಡಿದ ಮೇಲೂ ಬೊಂಬಿನ ಪಕ್ಕ ಮಣೆ ಹಾಕಿಕೊಂಡು ಕೆಲಸದವರಿಗೆ ಹೇಳಿ ಮಾಡಿಸುತ್ತಿದ್ದಳು. ಒಂದು ಚಳಿಗಾಲ ಜ್ವರ ಬಂತು. ಬೇಗ ಹೋಗಿಬಿಟ್ಟಳು. ಆ ವಾರ ತೊಳೆಯಬೇಕಿದ್ದ ಒಂದು ಹಾಸು ಸುತ್ತಿದ್ದು ಸುತ್ತಿದಂತೆಯೇ ಅವಳ ಕೋಣೆಯಲ್ಲಿತ್ತು. ಅದನ್ನು ನಾನು ತೊಳೆದು ಕೊಟ್ಟೆ. ಅವಳಷ್ಟು ಚೆನ್ನಾಗಿ ಆಗಲಿಲ್ಲ...

ಅಮ್ಮಾವ್ರೂ ಹೋದರು. ಮಂಡಿ ಮನೆ ಪಾಲಾದಾಗ ಮೊಮ್ಮಕ್ಕಳು ಹಳೇ ಸಾಮಾನು ನೋಡಲು ನನ್ನನ್ನು ಕರೆಸಿದರು. ರತ್ನಗಂಬಳಿಯನ್ನು ಅವರೂ ಮಡಿಸಿಯೇ ಇಟ್ಟಿದ್ದರು. ಹಾಸನ್ನು ಮಡಿಸಬೇಡಿ, ಬೇವಿನ ಸೊಪ್ಪಿನ ಜೊತೆ ಹಳೇ ಹತ್ತಿ ಬಟ್ಟೆಯಲ್ಲಿ ಸುತ್ತಿಡಿ, ಮಳೆಗಾಲ ಮುಗಿದ ಮೇಲೆ ಬಿಚ್ಚಿ ಗಾಳಿಗೆ ಹಾಕಿ ಎಂದು ಎಷ್ಟು ಸಲ ಹೇಳಿದರೂ ಜನ ಕೇಳುವುದಿಲ್ಲ. ಬಿಚ್ಚಿಸಿದೆ. ಗಟ್ಟಿ ಮೂಲೆಯನ್ನು ಮಗುಚಿ ತೋರಿಸಿ, ಇಂಥ ದೋಷ ಇರುವುದಕ್ಕೆ ಯಾರು ಕೊಡುತ್ತಾರೆ ಎಂದು ಬೆಲೆ ಇಳಿಸಿ ಮನೆಗೆ ತಂದೆ. ಅಕ್ಕ ಇದ್ದಿದ್ದರೆ "ಥೂ ನಿನ್ನ, ನನ್ನ ತಪ್ಪನ್ನೂ ವ್ಯಾಪಾರಕ್ಕೆ ಇಟ್ಯಲ್ಲೇ" ಎಂದು ಬೆನ್ನಿಗೊಂದು ಗುದ್ದುತ್ತಿದ್ದಳು.

ಈಗ ಅದು ನನ್ನ ಕೋಣೆಯಲ್ಲಿದೆ. ಆ ಮೂಲೆ ತೆಗೆಯುವುದು ನನಗೆ ಕಷ್ಟದ ಕೆಲಸವಲ್ಲ, ಬೆಚ್ಚಗಿನ ಬಟ್ಟೆ ಮತ್ತು ಕರಟ ಸಾಕು. ಕರಟವೂ ನನ್ನ ಹತ್ತಿರವೇ ಇದೆ. ಗಂಜಿ ಇದ್ದಲ್ಲಿಗೆ ಜಿರಲೆ ಬರುತ್ತದೆ, ಇಲಿ ಬರುತ್ತದೆ, ಉಳಿಸಬಾರದು ಎಂದು ಕೇಳಿದವರಿಗೆಲ್ಲ ನಾನೇ ಹೇಳುತ್ತೇನೆ. ವರ್ಷಕ್ಕೊಮ್ಮೆ ಬಟ್ಟೆ ನೆನೆಸಿಕೊಂಡು ಮೂಲೆಯ ಪಕ್ಕ ಕೂರುತ್ತೇನೆ. ಆಮೇಲೆ ಬಟ್ಟೆಯನ್ನು ಹಿಂಡಿ ಒಣಹಾಕಿ ಬರುತ್ತೇನೆ.

ಚಿಕ್ಕನಾಯಕನಹಳ್ಳಿಯಿಂದ ಬಂದ ಸಂಜೆ ಆ ಮೂಲೆಯನ್ನು ಎತ್ತಿ ಮೂಸಿ ನೋಡಿದೆ. ಹುಣಸೆ ಬೀಜದ ವಾಸನೆ ಏನೂ ಉಳಿದಿರಲಿಲ್ಲ, ಬರೀ ಹಳೇ ಉಣ್ಣೆ. ಬೆರಳು ಮಡಿಸಿ ತಟ್ಟಿದೆ. ಹಲಗೆಯ ಸದ್ದು ಮಾತ್ರ ಹಾಗೇ ಇತ್ತು.