ಹೆಸರಿಲ್ಲದವಳ ತಟ್ಟೆ

ಆ ವರ್ಷದ ಹ್ಯಾಲೋವೀನ್ ಸಂಜೆ ನಾನು ಮನೆ ಮುಂದಿನ ದೀಪ ಆರಿಸಿ ಕೂತಿದ್ದೆ. ಅಮೆರಿಕದಲ್ಲಿ ನಾವಿರುವ ರಾಂಚೊ ಬರ್ನಾರ್ಡೊ ಊರಲ್ಲಿ ಆ ದಿನ ದೀಪ ಆರಿದ ಮನೆಗೆ ಮಕ್ಕಳು ಕ್ಯಾಂಡಿ ಕೇಳಲು ಬರುವುದಿಲ್ಲ. ನನಗೆ ಬರುವುದೂ ಬೇಡವಾಗಿತ್ತು. ಮಾರ್ಚಿನಲ್ಲಿ ಹುಟ್ಟಿದ ನನ್ನ ಮಗಳು, ನಾಮಕರಣದ ದಿನ ಬರುವ ಮೊದಲೇ ಆಸ್ಪತ್ರೆಯಲ್ಲಿ ತೀರಿಕೊಂಡಿದ್ದಳು.

ಮಹಾಲಯ ಅಮಾವಾಸ್ಯೆಗೆ ಗಂಡನ ಮನೆಯ ಹಿರಿಯರಿಗೆಲ್ಲ ಎಡೆ ಇಟ್ಟಿದ್ದೆ. ‘ಪಾಪುಗೂ ಒಂದು ಇಡಲಾ?’ ಎಂದು ಧಾರವಾಡದಲ್ಲಿದ್ದ ಅತ್ತೆಯನ್ನು ಫೋನಿನಲ್ಲಿ ಕೇಳಿದೆ.

‘ಹಲ್ಲ ಬರದ ಕೂಸಿಗೆ ಎಡಿ ಇಡೂದಿಲ್ಲವ್ವಾ. ಹೆಸರರ ಎಲ್ಲಿ ಇಟ್ಟೀವಿ?’

ಶಾಸ್ತ್ರವಂತೆ ಶಾಸ್ತ್ರ! ಮುತ್ತಜ್ಜನ ಸೋದರಮಾವನಿಗೂ ವಡೆ ಪಾಯಸ, ನನ್ನ ಹೊಟ್ಟೆಯಲ್ಲಿ ಬೆಳೆದವಳಿಗೆ ಒಂದು ಅಗುಳೂ ಇಲ್ಲ. ಮೈಯೆಲ್ಲ ಉರಿದುಹೋಯಿತು. ಪಕ್ಕದಲ್ಲೇ ನಿಂತಿದ್ದ ಗಂಡ ಬಗ್ಗಿ ಎಡೆಯ ಎಲೆಗಳನ್ನು ಸರಿಮಾಡತೊಡಗಿದ. ಆಸ್ಪತ್ರೆಯಿಂದ ಬಂದ ಮೇಲೆ ಅವನು ಅವಳ ಮಾತನ್ನೇ ಎತ್ತಿರಲಿಲ್ಲ.

ಹ್ಯಾಲೋವೀನ್ ಸಂಜೆ ನಮ್ಮ ದೀಪ ಆರಿದ್ದು ಕಂಡು ಪಕ್ಕದ ಮನೆಯ ಐರಿಶ್ ಅಜ್ಜಿ ಬಂದು ಬಾಗಿಲು ತಟ್ಟಿದರು. ‘ಇವತ್ತು ಕತ್ತಲಲ್ಲಿ ಕೂರಬಾರದು, ಇಬ್ಬರೂ ಏಳಿ’ ಎಂದು ಗದರಿಸಿ ಕರೆದೊಯ್ದರು.

ಅವರ ಕಿಟಕಿಯಲ್ಲಿ ಟರ್ನಿಪ್ ಗಡ್ಡೆಯಲ್ಲಿ ಮುಖ ಕೊರೆದು ಮಾಡಿದ ದೀಪವಿತ್ತು. ಕುಂಬಳಕಾಯಿ ಕೊರೆಯುವುದೆಲ್ಲ ಇಲ್ಲಿನವರ ಚಾಳಿ, ಅವರೂರಿನಲ್ಲಿ ಇದೇ ಅಂತೆ. ಗಡ್ಡೆಯ ಮುಖ ಸುಕ್ಕುಗಟ್ಟಿ ನೋಡಲು ಭಯವಾಗುವಂತಿತ್ತು. ಮುಂಬಾಗಿಲಿಗೆ ಚಿಲಕ ಹಾಕಿರಲಿಲ್ಲ, ಸತ್ತವರು ಈ ದಿನ ಉಣ್ಣಲು ಬರುತ್ತಾರಂತೆ. ಮೇಜಿನ ಮೇಲೆ ಖಾಲಿ ಕುರ್ಚಿಗಳೆದುರು ಅಜ್ಜಿಯ ಗಂಡನಿಗೊಂದು, ತಂಗಿಗೊಂದು ತಟ್ಟೆ. ಹಿಸುಕಿದ ಆಲೂಗಡ್ಡೆಗೆ ಎಲೆಕೋಸು ಬೆರೆಸಿ, ನಡುವೆ ಗುಳಿ ಮಾಡಿ ಬೆಣ್ಣೆ ಇಟ್ಟಿದ್ದರು. ಒಬ್ಬೊಬ್ಬರ ಹೆಸರು ಹೇಳಿ ಮೇಣದ ಬತ್ತಿ ಹಚ್ಚಿದರು. ಆಮೇಲೆ ಒಂದು ಪುಟ್ಟ ತಟ್ಟೆ ತಂದು ನನ್ನ ಪಕ್ಕದಲ್ಲಿಟ್ಟರು.

‘ಅವಳಿಗೆ ಹಲ್ಲೇ ಬಂದಿರಲಿಲ್ಲ’ ಎಂದೆ.

‘ಅದಕ್ಕೇ ಮೆತ್ತಗೆ ಹಿಸುಕಿದ್ದೇನೆ. ಹೆಸರೇನು?’

ಇಲ್ಲ ಎನ್ನಲು ಬಾಯಿ ತೆರೆದೆ. ಅಷ್ಟರಲ್ಲಿ ಗಂಡ ಆ ತಟ್ಟೆಯನ್ನೇ ನೋಡುತ್ತ ಒಂದು ಹೆಸರು ಹೇಳಿದ. ನಾನದನ್ನು ಕೇಳಿದ್ದು ಅದೇ ಮೊದಲು.

‘ಯಾವಾಗ ಇಟ್ಟೆ?’

‘ಆಸ್ಪತ್ರ್ಯಾಗ. ಅಕಿ ಕಿವ್ಯಾಗ ಹೇಳಿದ್ದೆ. ನಿನಗ ಹ್ಯಾಂಗ ಹೇಳಬೇಕು ಗೊತ್ತಾಗಲಿಲ್ಲ.’

ಪಾಪಿ! ಇಷ್ಟು ತಿಂಗಳು ಒಂದೇ ಹಾಸಿಗೆಯಲ್ಲಿ ಮಲಗಿ ಒಬ್ಬನೇ ಇಟ್ಟುಕೊಂಡಿದ್ದ. ಎಳೆದು ಎರಡು ಬಾರಿಸೋಣ ಎನಿಸಿತು.

‘ಇನ್ನೊಂದ್ಸಲ ಹೇಳು’ ಎಂದೆ.

ಹೇಳಲು ಹೋದ, ಅಳು ನುಗ್ಗಿ ಬಂದು ಆಗಲಿಲ್ಲ. ನಾನೇ ಹೆಸರು ಹೇಳಿ ಬತ್ತಿ ಹಚ್ಚಿದೆ.